ತೋಟದಿಂದ ತೋಟಕ್ಕೆ ಹೋಗುವ ಮಾತು

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಊರೆಂದರೆ ಬಯಲುಸೀಮೆಯ ಊರಿನಂತೆ ಮನೆಗೆ ಮನೆ ತಗಲಿದ ಬೀದಿಯಲ್ಲ. ಕಣಿವೆಯೊಂದರಲ್ಲಿ ಎರಡೋ ಮೂರೋ ಮನೆ, ಕೆಳಗೆ ಅಡಕೆಯ ತೋಟ, ಮೇಲೆ ಸೊಪ್ಪಿನಬೆಟ್ಟ. ಮುಂದಿನ ಮನೆಯನ್ನು ಕಾಣಬೇಕಾದರೆ ಗುಡ್ಡವೊಂದನ್ನು ಹತ್ತಿಳಿಯಬೇಕು. ಹೀಗೆ ಚದರಿ, ವರ್ಷದಲ್ಲಿ ನಾಲ್ಕು ತಿಂಗಳು ಮಳೆಯ ಮರೆಯಲ್ಲಿ ಬಾಳುವ ಬೇಸಾಯಗಾರರು ತಮ್ಮ ಅರಿವನ್ನು ಒಬ್ಬರಿಗೊಬ್ಬರು ಹೇಗೆ ಮುಟ್ಟಿಸುವರೆಂಬುದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಶ್ರೋತೃಗಳ ಮುಂದಿಡಬೇಕೆಂದಿರುವೆವು.

ನಮ್ಮ ಕಡೆ ನೆಂಟರು ಬಂದರೆ ಊಟದ ತರುವಾಯ ಅವರನ್ನು ತೋಟಕ್ಕೆ ಕರೆದೊಯ್ಯುವುದು ವಾಡಿಕೆ. ಬಂದವರು ಕತ್ತೆತ್ತಿ ಗೊನೆಗಳನ್ನು ನೋಡುವರು. ಹೊಗಳುವುದು ಕಡಿಮೆ, ಕೇಳುವುದು ಹೆಚ್ಚು. ಗೊಬ್ಬರ ಯಾವಾಗ ಹಾಕಿದಿರಿ? ಕಪ್ಪಿನ ಬಸಿಗಾಲುವೆ ಎಷ್ಟು ಆಳ? ಅಡಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲ ಕುಳಿತವರ ನಡುವೆ, ಮುಯ್ಯಾಳಿಗೆ ಹೋದ ಗದ್ದೆಯಲ್ಲಿ, ಸಂತೆಯಿಂದ ಮರಳುವ ದಾರಿಯಲ್ಲಿ ಇದೇ ಮಾತು. ತವರಿಗೆ ಹೋದ ಹೆಣ್ಣುಮಕ್ಕಳು ಬರಿಗೈಯಲ್ಲಿ ಬರುವುದಿಲ್ಲ. ಮೆಣಸಿನ ಬಳ್ಳಿಯ ತುಂಡನ್ನೋ, ಅಪ್ಪೆಮಿಡಿಯ ಕಸಿಕಡ್ಡಿಯನ್ನೋ ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವರು. ಎಷ್ಟೋ ಮನೆಗಳ ಒಳ್ಳೆಯ ಬಳ್ಳಿಯ ಮೂಲವನ್ನು ಹುಡುಕಿದರೆ ಯಾರೋ ಅಜ್ಜಿಯ ತವರೂರು ಸಿಕ್ಕುತ್ತದೆ.

ಇವರೆಲ್ಲರಿಗಿಂತ ಹೆಚ್ಚಾಗಿ ಸುದ್ದಿಯನ್ನು ಹೊತ್ತವನು ಕೊನೆಗಾರ. ಮರವೇರಿ ಔಷಧ ಹೊಡೆಯುವವನೂ, ಗೊನೆ ಇಳಿಸುವವನೂ ಅವನೇ. ಯಜಮಾನನು ತನ್ನ ಒಂದು ತೋಟವನ್ನು ನೆಲದಿಂದ ನೋಡುವನು. ಕೊನೆಗಾರನು ಹತ್ತಾರು ತೋಟಗಳನ್ನು ಮರದ ತಲೆಯಿಂದ ನೋಡುವನು. ಯಾವ ತೋಟಕ್ಕೆ ಕೊಳೆ ಹತ್ತಿತು, ಯಾರ ಔಷಧ ಹಿಡಿಯಿತು, ಯಾರದು ತೊಳೆದುಹೋಯಿತು ಎಂಬುದು ಅವನಿಗೆ ತಿಳಿದಷ್ಟು ಮತ್ತಾರಿಗೂ ತಿಳಿಯದು.

ಕೊಳೆಯ ಔಷಧದ ಕತೆಯೇ ಈ ವಿಷಯಕ್ಕೆ ತಕ್ಕ ನಿದರ್ಶನ. ಮೊದಲು ನಮ್ಮವರು ಮಳೆಗೆ ಮುನ್ನ ಒಂದೊಂದು ಗೊನೆಗೂ ಕರಡದ ಕೊಟ್ಟೆಯನ್ನು ಕಟ್ಟಿ ಕಾಪಾಡುತ್ತಿದ್ದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವು ಒಂದು ಬಗೆಯ ಬೂಜಿನಿಂದ ಬರುವುದೆಂದು ಕಂಡು, ೧೯೧೦ರಲ್ಲಿ ಅದನ್ನು ಪ್ರಕಟಿಸಿ, ಬೋರ್ಡೋ ದ್ರಾವಣವನ್ನು ಹೊಡೆಯುವ ಕ್ರಮವನ್ನು ಬಳಕೆಗೆ ತಂದರು. ಆ ದ್ರಾವಣವಾದರೂ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. ಫ್ರಾನ್ಸಿನ ಮೆಡೋಕ್ ಪ್ರಾಂತದ ದ್ರಾಕ್ಷಿಯ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲದಿದ್ದುದನ್ನು ೧೮೮೨ರಲ್ಲಿ ಮಿಲಾರ್ಡೆ ಎಂಬ ಪಂಡಿತರು ಗಮನಿಸಿದರು. ಕಳ್ಳರಿಗೆಂದು ಮಾಡಿದ ಉಪಾಯ ನಮ್ಮ ಅಡಕೆಯನ್ನು ಉಳಿಸಿತು!

ಇದರ ಪಾಕವು ಕೇಳಲು ಸುಲಭ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆದರೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕಲ್ಲ, ಕಬ್ಬಿಣದ ಪಾತ್ರೆ ಕೂಡದು, ಸುಣ್ಣ ಹೊಸತಾಗಿರಬೇಕು, ಮಳೆ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೊಮ್ಮೆ ಹೊಡೆಯಬೇಕು. ಬಾಯಿಂದ ಬಾಯಿಗೆ ಹೋಗುವಾಗ ಉಳಿಯುವುದು ಔಷಧದ ಹೆಸರು, ಉದುರುವುದು ಈ ವಿವರ.

ಇದನ್ನು ನಾವು ನಷ್ಟಪಟ್ಟು ಕಲಿತೆವು. ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತಿದ್ದಾಗ, ನೆಂಟರೊಬ್ಬರು ತುತ್ತವನ್ನು ಒಂದೂವರೆ ಪಾಲು ಮಾಡಿ ಕೊಳೆಯನ್ನು ನಿಲ್ಲಿಸಿದರೆಂಬ ಮಾತು ಕಿವಿಗೆ ಬಿತ್ತು. ನಾವೂ ಹಾಗೆಯೇ ಮಾಡಿದೆವು. ಅವರು ಸುಣ್ಣವನ್ನೂ ಅಷ್ಟೇ ಹೆಚ್ಚಿಸಿದ್ದರು. ತುತ್ತದ ಮಾತು ನಮ್ಮನ್ನು ಮುಟ್ಟಿತು, ಸುಣ್ಣದ ಮಾತು ದಾರಿಯಲ್ಲೇ ಉಳಿಯಿತು. ಎಳೆಯ ಕಾಯಿಗಳು ಸುಟ್ಟು ಉದುರಿದವು. ಕೊನೆಗಾರನು ತನ್ನ ಹೊಳೆಯುವ ಕತ್ತಿಯನ್ನು ಮಿಕ್ಕ ದ್ರಾವಣದಲ್ಲಿ ತುಸು ಹೊತ್ತು ಅದ್ದಿ ಎತ್ತಿದನು; ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. ಸುಣ್ಣ ಸಾಲದೆಂಬುದಕ್ಕೆ ಅದೇ ಗುರುತು. ಹೊಡೆಯುವ ಮೊದಲೇ ಏಕೆ ಹೇಳಲಿಲ್ಲವೆಂದು ಗದರಿದೆವು. "ನೀವು ಕೇಳಲಿಲ್ಲ" ಎಂದನು.

ಆ ವರ್ಷದ ನಷ್ಟವನ್ನು ನಾವು ಯಾವ ಮದುವೆಯಲ್ಲಿಯೂ ಹೇಳಲಿಲ್ಲ. ಗೆದ್ದದ್ದು ಜಗಲಿಯಲ್ಲಿ ಹಬ್ಬುವುದು, ಸೋತದ್ದು ತೋಟದಲ್ಲೇ ಹೂಳಿಹೋಗುವುದು. ಜಗಲಿಯ ಮಾತಿಗೆ ಇನ್ನೊಂದು ಕುಂದೂ ಉಂಟು: ಅದು ಅಂಗಳದಲ್ಲಿ ನಿಂತವರಿಗೆ ಸಲ್ಲುತ್ತಿರಲಿಲ್ಲ. ಸಾಗರದ ಕಾಗೋಡಿನಲ್ಲಿ ಗೇಣಿದಾರರು ಕೊಳಗದ ಅಳತೆಯ ಅನ್ಯಾಯಕ್ಕಾಗಿ ಸತ್ಯಾಗ್ರಹ ಹೂಡಿದ್ದು ೧೯೫೧ರಲ್ಲಿ. ೧೯೭೪ರ ಕಾನೂನಿನ ತರುವಾಯ ಉಳುತ್ತಿದ್ದವರೇ ಒಡೆಯರಾಗಿ, ಮುಂದೆ ಅನೇಕರು ತೋಟವನ್ನೂ ಎಬ್ಬಿಸಿದರು. ನೆಂಟಸ್ತಿಕೆಯ ದಾರಿಯಲ್ಲಿ ಹರಿಯುತ್ತಿದ್ದ ಅರಿವು ಅವರ ಮನೆಗೆ ಬಂದದ್ದು ಬಹುಮಟ್ಟಿಗೆ ಕೂಲಿಗೆ ಹೋದ ಕಣ್ಣುಗಳ ಮೂಲಕ.

ಈಗ ಎಲ್ಲರ ಕೈಯಲ್ಲಿಯೂ ಫೋನು ಉಂಟು. ಈಚಿನ ವರ್ಷಗಳಲ್ಲಿ ಈ ತಾಲ್ಲೂಕುಗಳ ತೋಟಗಳನ್ನು ಎಲೆಚುಕ್ಕಿ ರೋಗವು ಒಣಗಿಸುತ್ತಿರುವಾಗ, ಒಬ್ಬನು ಸೋಗೆಯ ಚಿತ್ರವನ್ನು ಕಳುಹಿಸಿದರೆ ಗಳಿಗೆಯೊಳಗೆ ಹತ್ತು ಔಷಧಗಳ ಹೆಸರು ಬರುತ್ತವೆ. ಚಿತ್ರ ಕಳುಹಿಸಿದವನ ತೋಟದಲ್ಲಿ ನೀರು ನಿಂತಿದೆಯೇ, ಬಿದ್ದ ಸೋಗೆಯನ್ನು ಸುಟ್ಟನೇ, ಪಕ್ಕದವನೂ ಹೊಡೆದನೇ ಎಂದು ಕೇಳುವವರು ವಿರಳ. ಗಾಳಿಯಲ್ಲಿಯೂ ಮಳೆಹನಿಯಲ್ಲಿಯೂ ಹರಡುವ ಈ ರೋಗಕ್ಕೆ ಒಬ್ಬನ ಔಷಧ ಸಾಲದು.

ಮರವೇರುವವರೂ ಈಗ ಕಡಿಮೆ. ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದು, ನೆಲದಲ್ಲಿ ನಿಂತೇ ಔಷಧ ಹೊಡೆಯುತ್ತಾರೆ. ಬಿದ್ದು ಸೊಂಟ ಮುರಿಯುವ ಭಯ ತಪ್ಪಿದ್ದು ದೊಡ್ಡ ಉಪಕಾರವೇ ಸರಿ. ಗೊನೆಯನ್ನು ಹತ್ತಿರದಿಂದ ನೋಡುವ ಕಣ್ಣು ಮಾತ್ರ ಕೆಳಗಿಳಿಯಿತು. ನಮ್ಮ ನೆರೆಯವರೊಬ್ಬರು ದೋಟಿಯನ್ನು ಕೊಂಡ ಮೇಲೆಯೂ ಹಳೆಯ ಕೊನೆಗಾರನ ಮಗನನ್ನು ಕರೆಸಿ, ತೋಟದ ನಾಲ್ಕು ಮೂಲೆಗಳಲ್ಲಿ ಒಂದೊಂದು ಮರವನ್ನು ಹತ್ತಿಸುತ್ತಾರೆ. ಹೊಡೆಯುವುದಕ್ಕಲ್ಲ, ನೋಡಿ ಹೇಳುವುದಕ್ಕೆ. ಅದಕ್ಕೆ ಅರ್ಧ ದಿನದ ಕೂಲಿ. ಹೋದ ಮಳೆಗಾಲದಿಂದ ನಾವೂ ಅವನನ್ನು ಕರೆಸುತ್ತಿದ್ದೇವೆ. ಅವನು ಇಳಿದು ಬಂದೊಡನೆ ಮೊದಲು ನೆರೆಯವರ ತೋಟದ ಸುದ್ದಿಯನ್ನು ಕೇಳುತ್ತೇವೆ, ಆಮೇಲೆ ನಮ್ಮದನ್ನು.