ಅಡ್ವಾನ್ಸ್ ಯಾರ ಹೆಸರಲ್ಲಿದೆ?

(ಬೆಂಗಳೂರಿನ ಕೊಳಗೇರಿಯೊಂದರ ಮಹಿಳಾ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆಯ ಬಗ್ಗೆ ಮಾತಾಡಬೇಕೆಂದು ಕರೆದಿದ್ದೀರಿ. ಈಗ ತಾನೇ ನಾನೊಂದು ಪ್ರಶ್ನೆ ಕೇಳಿದೆ: ಇಲ್ಲಿ ಎಷ್ಟು ಜನ ವರದಕ್ಷಿಣೆ ಕೊಟ್ಟು ಮದುವೆಯಾದಿರಿ? ಮೂರು ಕೈ ಮಾತ್ರ ಎದ್ದವು. ಅದರಲ್ಲಿ ಒಂದು ಕೈ ಅಕ್ಕಪಕ್ಕ ನೋಡಿ ಕೆಳಗಿಳಿಯಿತು. ಆಮೇಲೆ ಪ್ರಶ್ನೆ ಬದಲಾಯಿಸಿದೆ: ನೀವಿರುವ ಮನೆಯ ಅಡ್ವಾನ್ಸ್ ಯಾರು ಕೊಟ್ಟರು? ಆಗ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದಿರಿ. ‘ನಮ್ಮಮ್ಮ ಚೀಟಿ ಎತ್ತಿ ಕೊಟ್ಟಿದ್ದು’, ‘ನನ್ನ ಪಿ.ಎಫ್. ದುಡ್ಡು’, ‘ನಮ್ಮಣ್ಣ ಬಡ್ಡಿಗೆ ತಂದು ಕೊಟ್ಟ’. ಕರಾರು ಪತ್ರ ಯಾರ ಹೆಸರಲ್ಲಿದೆ ಎಂದಾಗ ಮತ್ತೆ ಸದ್ದಿಲ್ಲ.

ನಾನು ಇವತ್ತು ಹೇಳಬೇಕಾದದ್ದು ಇಷ್ಟೇ ವಿಷಯದ ಮೇಲೆ.

ವರದಕ್ಷಿಣೆ ಎಂದರೆ ಕಾರು, ಸೈಟು, ಕಿಲೋಗಟ್ಟಲೆ ಬೆಳ್ಳಿ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದು ಡಾಕ್ಟರು, ಎಂಜಿನಿಯರುಗಳ ಮನೆಯ ಕಥೆ, ಕೇರಿಯಲ್ಲಿ ಅದೆಲ್ಲಿಂದ ಬರಬೇಕು ಅನ್ನುತ್ತೇವೆ. ಕೇರಿಯಲ್ಲಿ ಅದು ಬೇರೆ ಹೆಸರು ಹೊತ್ತು ಬರುತ್ತದೆ. ಆಟೋಗೆ ಡೌನ್ ಪೇಮೆಂಟ್, ಮಂಚ ಬೀರು, ಚೀಟಿಯ ಬಾಕಿ ಕಂತು, ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ಲೀಸು ಅಥವಾ ಅಡ್ವಾನ್ಸ್. ‘ನಾವು ವರದಕ್ಷಿಣೆ ಅಂತ ಒಂದು ರೂಪಾಯಿ ಕೇಳೋರಲ್ಲ, ಹುಡುಗ ಹುಡುಗಿ ಬೇರೆ ಇರೋಕೆ ಒಂದು ಮನೆ ಮಾಡಿಕೊಟ್ಟುಬಿಡಿ’ ಎನ್ನುತ್ತಾರೆ ಬೀಗರು. ಕೇಳಿದವರಿಗೆ ಎಷ್ಟು ಒಳ್ಳೆಯವರಪ್ಪಾ ಎನಿಸುತ್ತದೆ.

ನಿಮ್ಮಲ್ಲಿ ಹಿರಿಯರು ಕೆಲವರಿಗೆ ತೆರ ಕೊಟ್ಟು ಮದುವೆಯಾದ ಕಾಲ ನೆನಪಿದೆ. ಗಂಡಿನ ಕಡೆಯವರು ಹೆಣ್ಣಿನ ತಾಯ್ತಂದೆಗೆ ಕೊಡುತ್ತಿದ್ದರು, ದುಡಿಯುವ ಕೈಯೊಂದು ಹೋಗುತ್ತದಲ್ಲ ಎಂದು. ಅದೇನೂ ಹೆಣ್ಣಿಗೆ ಸ್ವರ್ಗ ತಂದಿರಲಿಲ್ಲ, ಆ ಹಣವೂ ಅವಳ ಕೈಗೆ ಬರುತ್ತಿರಲಿಲ್ಲ. ಆದರೆ ಅದೇ ಕುಲಗಳಲ್ಲಿ ಎರಡು ತಲೆಮಾರಿನೊಳಗೆ ಹಣ ಹರಿಯುವ ದಿಕ್ಕೇ ತಿರುಗಿತು. ಹೆಣ್ಣು ದುಡಿಯುವುದು ಮಾತ್ರ ನಿಲ್ಲಲಿಲ್ಲ. ಆಗ ಹೊಲದಲ್ಲಿ, ಈಗ ಊದುಬತ್ತಿ ಹೊಸೆಯುತ್ತ, ಗಾರ್ಮೆಂಟ್ಸಿನಲ್ಲಿ, ನಾಲ್ಕು ಮನೆ ಪಾತ್ರೆ ತಿಕ್ಕುತ್ತ.

ಒಬ್ಬಾಕೆಯ ವಿಷಯ ಹೇಳುತ್ತೇನೆ. ಹೆಸರು ಬೇಡ, ಕೇರಿಯ ಹೆಸರೂ ಬೇಡ. ಶಾಲೆ ಬಿಟ್ಟ ಮೇಲೆ ಊದುಬತ್ತಿ, ಹದಿನೆಂಟಕ್ಕೆ ಗಾರ್ಮೆಂಟ್ಸ್. ಐದು ವರ್ಷ ಹೊಲಿದಳು. ಮದುವೆ ಗೊತ್ತಾದಾಗ ಕೆಲಸ ಬಿಟ್ಟು ಪಿ.ಎಫ್. ತೆಗೆದಳು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ಪೂರ್ತಿ ತೆಗೆಯಬಾರದೆಂದು ನಿಯಮ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗಿಳಿದದ್ದು, ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡದ್ದು ನಿಮಗೆ ಗೊತ್ತು. ಇಷ್ಟು ಸಣ್ಣ ಹಣಕ್ಕೆ ಇಷ್ಟು ಸಿಟ್ಟೇಕೆ ಎಂದು ಆಗ ಕೇಳಿದವರಿದ್ದರು. ಸಣ್ಣ ಹಣವಲ್ಲ ಅದು, ಹೆಣ್ಣಿನ ಹೆಸರಿನಲ್ಲಿ ಇರುವ ಒಂದೇ ಹಣ. ಇವಳ ಆ ಹಣ, ತಾಯಿಯ ಚೀಟಿ, ಒಂದು ಜೊತೆ ಓಲೆ ಮಾರಿದ್ದು ಎಲ್ಲ ಸೇರಿಸಿ ವಠಾರದಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಶೀಟಿನ ಮನೆಯನ್ನು ಮೂರು ವರ್ಷಕ್ಕೆ ಲೀಸಿಗೆ ಹಾಕಿಕೊಂಡರು. ಸ್ಟಾಂಪ್ ಪೇಪರಿನಲ್ಲಿ ಮದುಮಗನ ಹೆಸರು. ‘ಗಂಡಸು ಇರೋವಾಗ ಹೆಂಗಸಿನ ಹೆಸರು ಯಾಕಮ್ಮಾ, ನಾಳೆ ನನಗೆ ತೊಂದರೆ’ ಎಂದ ಓನರು. ಅವಳ ತಾಯಿಯೂ ಹೂಂ ಅಂದರು. ಹಣ ಕೊಟ್ಟದ್ದಕ್ಕೆ ಚೀಟಿಯಿಲ್ಲ, ರಸೀದಿಯಿಲ್ಲ. ಎಣಿಸಿ ಕೈಗಿಟ್ಟರು, ಅಷ್ಟೇ.

ಮೊದಲ ವರ್ಷ ಬಾಯಿಮಾತು. ಎರಡನೆಯ ವರ್ಷ ಆಟೋ ಬೇಕೆಂದ, ಅಮ್ಮನ ಮನೆಗೆ ಹೋಗಿ ತಾ ಎಂದ. ಅವಳು ಮತ್ತೆ ಫ್ಯಾಕ್ಟರಿಗೆ ಸೇರಿದಳು. ಸಂಬಳದ ದಿನ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದ. ಆಮೇಲಾಮೇಲೆ ಹೊಡೆತ. ವಠಾರದಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಅರ್ಧ ಇಟ್ಟಿಗೆ ಗೋಡೆ, ಮೇಲೆ ಒಂದೇ ಶೀಟು. ಪಕ್ಕದ ಮನೆಯ ಕೆಮ್ಮು ಕೇಳಿಸುತ್ತದೆ, ಸಾರಿಗೆ ಒಗ್ಗರಣೆ ಹಾಕಿದ್ದು ಕೇಳಿಸುತ್ತದೆ. ಹೊಡೆತ ಕೇಳಿಸುವುದಿಲ್ಲವೇ? ಪಕ್ಕದ ಮನೆಯಾಕೆ ನನ್ನ ಹತ್ತಿರ ಒಪ್ಪಿಕೊಂಡರು: ‘ಅಕ್ಕಾ, ಶುರುವಾದ ಕೂಡಲೇ ನಾನು ಟಿ.ವಿ. ಜೋರು ಮಾಡ್ತಿದ್ದೆ, ಮಕ್ಕಳು ಕೇಳಬಾರದು ಅಂತ.’ ಈ ಮಾತಿಗೆ ನಾನು ಅವರನ್ನು ಬೈಯಲಾರೆ. ದೊಡ್ಡ ಬಡಾವಣೆಗಳಲ್ಲಿ ಗೋಡೆ ದಪ್ಪ, ಅಲ್ಲಿ ಟಿ.ವಿ. ಜೋರು ಮಾಡುವ ಕಷ್ಟವೂ ಇಲ್ಲ.

ಒಂದು ರಾತ್ರಿ ಅವಳನ್ನೂ ಮಗುವನ್ನೂ ಹೊರಗೆ ಹಾಕಿ ಚಿಲಕ ಹಾಕಿಕೊಂಡ. ಬೀದಿ ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದಳು. ಬೆಳಗಿನ ಜಾವ ಮೂರು ಗಂಟೆಗೆ ನೀರು ಬಿಡುವ ದಿನ ಅದು. ಕೊಡ ಇಡಲು ಬಂದ ಹೆಂಗಸರು ನೋಡಿದರು. ಮಗುವನ್ನು ಒಳಗೆ ಕರೆದುಕೊಂಡವರು ಅದೇ ಟಿ.ವಿ.ಯ ಮನೆಯಾಕೆ.

ಠಾಣೆಗೆ ಹೋದೆವು. ‘ಏನಮ್ಮಾ, ಕುಡೀತಾನಾ?’ ಇದೇ ಮೊದಲ ಪ್ರಶ್ನೆ. ಕೇರಿಯ ಹೆಂಗಸು ಹೊಡೆತ ತಿಂದರೆ ಕಾರಣ ಕುಡಿತ ಎಂದು ಮೊದಲೇ ಬರೆದಿಟ್ಟಿರುತ್ತಾರೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕಾಗಿ ಹೆಂಗಸರು ಎಷ್ಟೋ ವರ್ಷ ಹೋರಾಡಿದ್ದರು, ಸಂತೋಷವೇ. ಸಾರಾಯಿ ಪ್ಯಾಕೆಟ್ ಹೋಯಿತು, ಅಗ್ಗದ ವಿಸ್ಕಿ ಬಂತು, ಹೊಡೆತ ಇದ್ದಲ್ಲೇ ಇದೆ. ಇವಳ ಗಂಡ ಕುಡಿಯುತ್ತಲೇ ಇರಲಿಲ್ಲ! ಲೀಸಿನ ಹಣದ ಮಾತೆತ್ತಿದಾಗ ಬಂದ ಉತ್ತರ: ‘ಬಾಡಿಗೆ ಮನೆ ದುಡ್ಡು ಅದು, ವರದಕ್ಷಿಣೆ ಹೇಗಾಗತ್ತೆ? ಸಿವಿಲ್ ಕೋರ್ಟಿಗೆ ಹೋಗಿ.’ ಗಂಡನನ್ನು ಕರೆಸಿ ಬುದ್ಧಿ ಹೇಳಿ ಕಳಿಸಿದರು.

ಬುದ್ಧಿ ಕಲಿತವನು ಮಾಡಿದ ಕೆಲಸ ಇದು. ಅವಳು ತಾಯಿ ಮನೆಯಲ್ಲಿದ್ದ ಇಪ್ಪತ್ತು ದಿನದಲ್ಲಿ ಓನರಿಗೆ ಮನೆ ಬಿಟ್ಟುಕೊಟ್ಟು, ಲೀಸಿನ ಹಣ ಪೂರ್ತಿ ವಾಪಸು ತೆಗೆದುಕೊಂಡು ಹೋದ. ಅವಳು ಬಂದು ನೋಡಿದರೆ ಬಾಗಿಲಲ್ಲಿ ಬೇರೆಯವರ ಚಪ್ಪಲಿ. ಅವಳ ಪಾತ್ರೆಗಳು ಚೀಲದಲ್ಲಿ ಕಟ್ಟಿ ಓನರ ಮಾಳಿಗೆಯ ಮೇಲಿದ್ದವು. ಒಂದು ಮೂಳೆ ಮುರಿಯದೆ, ಒಂದು ಹನಿ ಸೀಮೆಎಣ್ಣೆ ಸುರಿಯದೆ ಅವಳಿಗೆ ವಿಳಾಸವೇ ಇಲ್ಲದಂತಾಯಿತು.

ಸೀಮೆಎಣ್ಣೆ ಎಂದೆ. 1990ರ ದಶಕದಲ್ಲಿ ಈ ಊರಿನಲ್ಲಿ ‘ಸ್ಟವ್ ಸಿಡಿದು’ ಸತ್ತವರೆಲ್ಲ ಹೊಸ ಸೊಸೆಯರೇ ಏಕೆ ಎಂದು ವಿಮೋಚನಾ ಸಂಘಟನೆಯ ಗೆಳತಿಯರು ಸುಟ್ಟಗಾಯದ ವಾರ್ಡುಗಳಿಗೆ ಹೋಗಿ, ಪೊಲೀಸ್ ಕಡತಗಳನ್ನು ನೋಡಿ ಕೇಳತೊಡಗಿದರು. ಈಗ ಅಡುಗೆಗೆ ಗ್ಯಾಸು ಬಂದಿದೆ, ಸ್ಟವ್ ಮೂಲೆ ಸೇರಿದೆ. ಸುಡುವುದು ನಿಂತಿದೆ ಎಂದು ನಾನು ಹೇಳುತ್ತಿಲ್ಲ. ಸಾವು ಆದ ಮೇಲೆ ನಾವೆಲ್ಲ ಓಡುತ್ತೇವೆ. ಮನೆ ಹೋದಾಗ ಯಾರೂ ಓಡುವುದಿಲ್ಲ. ಹೋಗಲು ಬೇರೆ ಜಾಗವಿಲ್ಲ ಎಂದು ಅದೇ ಬಾಗಿಲೊಳಗೆ ಉಳಿದವರೇ ಎಷ್ಟೋ ಜನ ಆ ವಾರ್ಡಿಗೆ ಹೋದದ್ದು.

ಕಾನೂನು ಏನು ಹೇಳುತ್ತದೆ? ಠಾಣೆಯಲ್ಲಿ ಹೇಳಿದ್ದು ತಪ್ಪು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಮದುವೆಯ ಸಂಬಂಧವಾಗಿ, ಮದುವೆಗೆ ಮುಂಚೆಯಾಗಲಿ ಆಮೇಲಾಗಲಿ, ಕೊಟ್ಟ ಯಾವ ಆಸ್ತಿಯೂ ವರದಕ್ಷಿಣೆಯೇ. ಲೀಸಿನ ಹಣವೂ ಅದರೊಳಗೆ ಬರುತ್ತದೆ. ಅದೇ ಕಾಯ್ದೆಯ 6ನೆಯ ಕಲಮನ್ನು ಯಾರೂ ಓದುವುದಿಲ್ಲ: ವರದಕ್ಷಿಣೆ ಯಾರ ಕೈಗೆ ಹೋಗಿದ್ದರೂ ಮೂರು ತಿಂಗಳೊಳಗೆ ಆ ಹೆಣ್ಣಿಗೆ ಒಪ್ಪಿಸಬೇಕು, ಒಪ್ಪಿಸದಿದ್ದರೆ ಅಪರಾಧ. ಕೊಟ್ಟವರಿಗೂ ಶಿಕ್ಷೆಯಲ್ಲವೇ ಎಂದು ತಾಯಂದಿರು ಹೆದರುತ್ತಾರೆ. ನೊಂದವರು ದೂರಿನಲ್ಲಿ ಹೇಳಿದ ಮಾತಿನ ಮೇಲೆ ಅವರ ವಿರುದ್ಧವೇ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು 7ನೆಯ ಕಲಮಿನಲ್ಲಿದೆ.

ಇನ್ನು 2005ರ ಕೌಟುಂಬಿಕ ದೌರ್ಜನ್ಯದ ಕಾಯ್ದೆ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಬಾಡಿಗೆ ಮನೆಯಾಗಲಿ, ಕರಾರು ಗಂಡನೊಬ್ಬನ ಹೆಸರಿನಲ್ಲೇ ಇರಲಿ, ಅವಳು ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಮನೆಯನ್ನು ಬಿಟ್ಟುಕೊಡದಂತೆ, ಹಣ ಎತ್ತದಂತೆ ಅವನನ್ನು ತಡೆಯಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ, ಮಧ್ಯಂತರ ಆದೇಶವನ್ನೂ ಕೊಡಬಹುದು. ಅಂದರೆ ಆ ರಾತ್ರಿಯ ಮರುದಿನವೇ ನಾವು ಠಾಣೆಯ ಬೆಂಚಿನಲ್ಲಿ ಕೂರುವ ಬದಲು ಸಂರಕ್ಷಣಾಧಿಕಾರಿಯ ಬಳಿ ಅರ್ಜಿ ಬರೆಸಿ, ಓನರಿಗೆ ಒಂದು ಪತ್ರ ಕೊಟ್ಟಿದ್ದರೆ ಹಣ ಉಳಿಯುತ್ತಿತ್ತೋ ಏನೋ. ತಪ್ಪು ನಮ್ಮದೂ ಇದೆ. ನನಗೇ ಆಗ ಅದು ಹೊಳೆಯಲಿಲ್ಲ. ಗಾಯ ತೋರಿಸುವುದರಲ್ಲೇ ಇದ್ದೆ.

ಆಮೇಲೆ ಅರ್ಜಿ ಹಾಕಿದೆವು. ಅರವತ್ತು ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಎರಡು ವರ್ಷ ಕಳೆದಿದೆ. ಬಾಡಿಗೆಗೆಂದು ತಿಂಗಳಿಗಿಷ್ಟು ಕೊಡಲು ಮಧ್ಯಂತರ ಆದೇಶವಾಯಿತು. ಎರಡು ತಿಂಗಳು ಬಂತು, ನಿಂತಿತು. ಒಂದು ದಿನ ರಜ ಹಾಕಿದರೆ ಸಂಬಳ ಕಡಿತ, ಹಾಜರಾತಿ ಬೋನಸ್ಸೂ ಹೋಗುತ್ತದೆ. ಆದ್ದರಿಂದ ಕೆಲವು ವಾಯಿದೆಗೆ ಅವಳು ಹೋಗಲಿಲ್ಲ. ಲೀಸಿನ ಹಣ ಇನ್ನೂ ಬಂದಿಲ್ಲ.

ಈಗ ಅದೇ ಬೀದಿಯಲ್ಲಿ ಇನ್ನೂ ಸಣ್ಣದೊಂದು ಮನೆಯಲ್ಲಿದ್ದಾಳೆ. ಅಡ್ವಾನ್ಸಿಗೆ ಸಂಘದ ಹೆಂಗಸರು ತಮ್ಮ ಸರದಿ ಬಿಟ್ಟುಕೊಟ್ಟು ಚೀಟಿ ಅವಳಿಗೆ ಎತ್ತಿಸಿದರು. ಒಂಟಿ ಹೆಂಗಸಿಗೆ ಮನೆ ಕೊಡಲು ಮೂರು ಕಡೆ ಒಪ್ಪಲಿಲ್ಲ. ನಾಲ್ಕನೆಯವರು ಒಪ್ಪಿದರು, ಆದರೆ ಅಣ್ಣನ ಹೆಸರಲ್ಲಿ ಬರೆಯೋಣ ಎಂದರು. ಅವಳು ಒಪ್ಪಲಿಲ್ಲ. ಕೊನೆಗೆ ಅವಳ ಹೆಸರಲ್ಲೇ ಬರೆದರು. ಸಾಕ್ಷಿ ಹಾಕಿದವರು ಟಿ.ವಿ.ಯ ಮನೆಯಾಕೆ. ಸಹಿ ಬರುವುದಿಲ್ಲ, ಹೆಬ್ಬೆಟ್ಟು.

ಸರ್ಕಾರದ ವಸತಿ ಯೋಜನೆಗಳಲ್ಲಿ ಮನೆಯನ್ನು ಹೆಂಗಸಿನ ಹೆಸರಿಗೆ ಅಥವಾ ಜಂಟಿಯಾಗಿ ಕೊಡಬೇಕೆಂಬ ನಿಯಮವಿದೆ, ಅದಕ್ಕಾಗಿ ಕಚೇರಿಗಳ ಮುಂದೆ ಕೂರುತ್ತೇವೆ, ಕೂರಲೇಬೇಕು. ಆದರೆ ಹಕ್ಕುಪತ್ರ ಬರುವವರೆಗೂ ನಮ್ಮಲ್ಲಿ ಬಹಳ ಜನ ಅಡ್ವಾನ್ಸಿನ ಮನೆಯಲ್ಲೇ ಇರುವವರು. ಮಗಳಿಗೆ ಮನೆ ಮಾಡಿಕೊಡುವ ತಾಯಂದಿರು ಇಲ್ಲಿ ಇದ್ದೀರಿ. ಕೊಡಬೇಡಿ ಎಂದು ನಾನು ಹೇಳಿದರೆ ನೀವು ಕೇಳುವುದಿಲ್ಲ ಎಂದೂ ಗೊತ್ತು. ಕೊಡುವುದೇ ಆದರೆ ಕರಾರಿನಲ್ಲಿ ಮಗಳ ಹೆಸರು ಬರೆಸಿ, ಹಣವನ್ನು ಬ್ಯಾಂಕಿನ ಮೂಲಕ ಕೊಡಿ, ವಾಪಸು ಕೊಡುವಾಗ ಅವಳ ಸಹಿ ಬೇಕೆಂದು ಒಂದು ಸಾಲು ಹಾಕಿಸಿ. ಓನರು ಗೊಣಗಿದರೆ ನಾಲ್ಕು ಜನ ಜೊತೆಗೆ ಹೋಗಿ.

ಈಗಾಗಲೇ ಗಂಡನ ಹೆಸರಿನಲ್ಲಿ ಬರೆದಿರುವವರು ಮುಂದಿನ ಭಾನುವಾರ ಬರುವಾಗ ಆ ಪತ್ರದ ಜೆರಾಕ್ಸ್ ತನ್ನಿ. ಎಲ್ಲಿಟ್ಟಿದ್ದಾನೆಂದು ಗೊತ್ತಿಲ್ಲದವರು ಅದನ್ನೂ ಬಂದು ಹೇಳಿ. ಒಂದೊಂದಾಗಿ ಕೂತು ಓದೋಣ.