ಕರಡು ಇರುವಾಗಲೇ ಬರೆಯಿರಿ

ಗಿಲ್ಲೆಸುಗೂರಿನ ತಮ್ಮಂದಿರೇ, ತಂಗಿಯರೇ,

2024ರ ಜುಲೈ ತಿಂಗಳನ್ನು ನೆನೆಯಿರಿ. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಐಟಿ ಉದ್ಯಮದವರು ಕೂಡಲೇ ದನಿ ಎತ್ತಿದರು. ಎರಡೇ ದಿನಕ್ಕೆ ಸರ್ಕಾರ ಅದನ್ನು ತಡೆಹಿಡಿಯಿತು. ಮಸೂದೆ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಉದ್ಯಮದವರು ಮಾತಾಡಿದ್ದರಲ್ಲೂ ತಪ್ಪಿಲ್ಲ, ಅದು ಅವರ ಹಕ್ಕು. ಆದರೆ ಆ ಎರಡು ದಿನದಲ್ಲಿ ಮಾನ್ವಿಯಿಂದ, ದೇವದುರ್ಗದಿಂದ, ನಮ್ಮೂರಿಂದ ಎಷ್ಟು ಕಾಗದ ಬೆಂಗಳೂರಿಗೆ ಹೋದವು? ಡಿಗ್ರಿ ಮುಗಿಸಿ ಗುಳೆ ಹೋಗುವವರು ನಾವು. ನಮ್ಮ ಹೊಟ್ಟೆಪಾಡಿನ ಮಾತನ್ನು ನಾವೇ ಆಡದಿದ್ದರೆ ಹೇಗೆ?

ಅದಕ್ಕೆ ಕೆಲವೇ ದಿನ ಮೊದಲು, ಜೂನ್ ಕೊನೆಯಲ್ಲಿ, ಇನ್ನೊಂದು ಮಸೂದೆಯ ಕರಡು ಹೊರಬಿದ್ದಿತ್ತು. ಆ್ಯಪ್ ಮೂಲಕ ಊಟ ಹಂಚುವ, ಕ್ಯಾಬ್ ಓಡಿಸುವ ಗಿಗ್ ಕಾರ್ಮಿಕರ ಮಸೂದೆ ಅದು. ಸಲಹೆ, ಆಕ್ಷೇಪಣೆಗೆ ಕೊಟ್ಟದ್ದು ಹತ್ತೇ ದಿನ. ನಮ್ಮ ಭಾಗದ ಹುಡುಗ ಬೆಂಗಳೂರಲ್ಲಿ ಬೈಕಿಗೆ ಚೀಲ ಕಟ್ಟಿಕೊಂಡು ಓಡಾಡುತ್ತಾನೆ. ಬೆಳಗ್ಗೆ ಎದ್ದು ನೋಡಿದರೆ ಐಡಿ ಬಂದ್, ಯಾಕೆಂದು ಹೇಳುವವರಿಲ್ಲ. ಅಂಥವನಿಗಾಗಿಯೇ ಆ ಕರಡಿನಲ್ಲಿ ಒಂದು ಕಲಂ ಇತ್ತು: ಕಾರಣ ತಿಳಿಸಿ, 14 ದಿನ ಮುಂಚೆ ನೋಟಿಸ್ ಕೊಡದೆ ಕೆಲಸದಿಂದ ತೆಗೆಯಬಾರದು. ಕಾರ್ಮಿಕ ಸಂಘಗಳು ಬೆನ್ನು ಬಿಡಲಿಲ್ಲ. 2025ರಲ್ಲಿ ಅದು ಕಾಯ್ದೆಯಾಯಿತು. ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕೆಂಬ ಮಾತೂ ಅದರಲ್ಲಿದೆ.

ಕರಡಿಗೆ ಸಲಹೆ ಬರೆಯುವುದು ಓದಿದವರ ಕೆಲಸ, ನಮ್ಮಂಥವರಿಂದ ಆಗದು ಎನ್ನುವವರು ನಮ್ಮ ಜಿಲ್ಲೆಯ ದೇವದಾಸಿ ತಾಯಂದಿರನ್ನು ನೋಡಲಿ. ಹಳೆಯ 1982ರ ಕಾಯ್ದೆ ಸಾಲದು, ನಮಗೂ ಮಕ್ಕಳಿಗೂ ಹೊಸ ಕಾನೂನು ಬೇಕೆಂದು ಅವರು ವರ್ಷಗಟ್ಟಲೆ ಬೀದಿಯಲ್ಲಿ ಕುಳಿತು ಕೇಳಿದರು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಹೊಸ ಮಸೂದೆಯನ್ನು ಅಂಗೀಕರಿಸಿತು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯ ಆ ಮಕ್ಕಳಿಗೆ ಇರಬಾರದೆಂದು ಅದು ಹೇಳುತ್ತದೆ. ಅಕ್ಷರ ಕಲಿಯದ ಅವ್ವಂದಿರು ಇಷ್ಟು ಮಾಡಿದ್ದಾರೆ. ಕೈಯಲ್ಲಿ ಮೊಬೈಲ್ ಇರುವ ನೀವು?

ದಾರಿ ಕಷ್ಟದ್ದಲ್ಲ. ಕರಡು ರಾಜ್ಯಪತ್ರದಲ್ಲೋ ಇಲಾಖೆಯ ಜಾಲತಾಣದಲ್ಲೋ ಬರುತ್ತದೆ. ಕೊನೆಯ ದಿನಾಂಕವನ್ನು ಮೊದಲು ನೋಡಿ. ಕನ್ನಡದಲ್ಲೇ, ಒಂದೇ ಪುಟ ಸಾಕು. ಯಾವ ಕಲಂ, ಅದರಿಂದ ನಮ್ಮೂರಲ್ಲಿ ಏನಾಗುತ್ತದೆ, ಯಾವ ಪದ ಬದಲಾಗಬೇಕು ಎಂದು ಬರೆಯಿರಿ. ಬೈಗುಳ ಬೇಡ, ಬೇಡಿಕೊಳ್ಳುವುದೂ ಬೇಡ. ಒಂದು ಪ್ರತಿ ಇಲಾಖೆಗೆ, ಇನ್ನೊಂದು ನಿಮ್ಮ ಶಾಸಕರಿಗೆ. ಮಸೂದೆ ಸದನಕ್ಕೆ ಹೋದ ಮೇಲೂ ಬಾಗಿಲು ಮುಚ್ಚುವುದಿಲ್ಲ. ಸದನ ಅದನ್ನು ಸಮಿತಿಗೆ ಒಪ್ಪಿಸಬಹುದು. ಗ್ರೇಟರ್ ಬೆಂಗಳೂರು ಮಸೂದೆ 2024ರಲ್ಲಿ ಹಾಗೆಯೇ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಪದವೀಧರರಾದವರು ವಿಧಾನ ಪರಿಷತ್ತನ್ನು ಮರೆಯಬೇಡಿ. ಈಶಾನ್ಯ ಪದವೀಧರ ಕ್ಷೇತ್ರದಲ್ಲಿ ನಮ್ಮ ಜಿಲ್ಲೆಯೂ ಇದೆ. ಅದರ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸಿ, ಗೆದ್ದವರಿಗೆ ನಿಮ್ಮ ಪತ್ರ ಮುಟ್ಟಿಸಿ.

ಮುಂದಿನ ಅಧಿವೇಶನದ ದಿನ ಗೊತ್ತಾದ ಸಂಜೆಯೇ ಐದಾರು ಮಂದಿ ಕೂಡಿ. ಒಬ್ಬರು ಆಗ ಹೊರಬಂದಿರುವ ಕರಡನ್ನು ಜೋರಾಗಿ ಓದಲಿ. ಹೊಲದಿಂದ ಬಂದ ಅಪ್ಪನನ್ನೂ ಸಂಘದ ಕಂತು ಕಟ್ಟುವ ಅವ್ವನನ್ನೂ ಕೂರಿಸಿಕೊಂಡು, ಅವರು ಹೇಳಿದ್ದನ್ನು ಪತ್ರದಲ್ಲಿ ಸೇರಿಸಿ. ಕೆಳಗೆ ಎಲ್ಲರ ಸಹಿ, ಹೆಬ್ಬೆಟ್ಟು. ಅದರಡಿಗೆ ದಪ್ಪಕ್ಷರದಲ್ಲಿ: ಗಿಲ್ಲೆಸುಗೂರು, ರಾಯಚೂರು ತಾಲ್ಲೂಕು.