ಅರಗಿನ ತಟ್ಟೆಯಲ್ಲಿ ಬೀಟಲ್ಸ್

ಬೀಟಲ್ಸ್ ತಂಡದ ರೆಕಾರ್ಡುಗಳನ್ನು ದೇಶದೇಶಗಳಿಂದ ಹೆಕ್ಕಿ ಕೂಡಿಸುವ ವಿದೇಶಿ ಸಂಗ್ರಾಹಕರು, ಭಾರತದಲ್ಲಿ ತಯಾರಾದದ್ದೊಂದು ಸಿಕ್ಕೀತೇ ಎಂದು ಹಂಬಲಿಸುತ್ತಾರೆ. ಹಾಡು ಎಲ್ಲ ಕಡೆ ಒಂದೇ, ತಟ್ಟೆ ಬೇರೆ.

1962ರಲ್ಲಿ ತಂಡದ ಮೊದಲ ರೆಕಾರ್ಡು ಬರುವ ಹೊತ್ತಿಗೆ ಬ್ರಿಟನ್ನಿನಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳ ಕಾಲ ಮುಗಿದು ವಿನೈಲ್ ಬಂದಾಗಿತ್ತು. ನಮ್ಮಲ್ಲಿ ಹಾಗಲ್ಲ. ಅನಮೋಡದಂಥ ಘಟ್ಟದ ಊರಿನ ಮಾತಿರಲಿ, ದೇಶದ ಬಹುಪಾಲು ಹಳ್ಳಿಗಳಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿಗೆ 78ರ ತಟ್ಟೆಯೇ ಆಗಬೇಕು. ಹಳ್ಳಿಯಲ್ಲಿ ಬೀಟಲ್ಸ್ ಕೇಳುವವರು ಯಾರಿದ್ದರು ಎನ್ನಬಹುದು; ಕೀಲಿಯ ಪೆಟ್ಟಿಗೆ ಪೇಟೆಯ ಮನೆಗಳಲ್ಲೂ ಇತ್ತಲ್ಲ! ಹೀಗಾಗಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ತನ್ನ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಲಿವರ್‌ಪೂಲಿನ ಹುಡುಗರ ಹಾಡನ್ನೂ ಅರಗು ಬೆರೆಸಿದ ಕಪ್ಪು ತಟ್ಟೆಗೆ ಒತ್ತಿತು. 1960ರ ದಶಕದ ನಡುವಿನವರೆಗೂ ಇದು ನಡೆಯಿತು.

ಅರಗಿನ ತಟ್ಟೆ ಕೈಜಾರಿದರೆ ಚೂರು. ಉಕ್ಕಿನ ಮುಳ್ಳು ಪ್ರತಿ ಸಲವೂ ಗೆರೆಯನ್ನು ಸವೆಸುತ್ತದೆ. ಹಬ್ಬಕ್ಕೆ ಮನೆ ಗುಡಿಸುವಾಗ ಬಿಸಾಡಿದ್ದೆಷ್ಟೋ. ಅಟ್ಟದಲ್ಲಿ ಹಳೆಯ ತಟ್ಟೆ ಕಂಡರೆ ಪಾರ್ಲೋಫೋನ್ ಹೆಸರಿನ ಚೀಟಿ ಇದೆಯೇ ನೋಡಿ. ಧೂಳನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಿ; ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ, ಅರಗು ಕರಗಿ ಹಾಡೇ ಅಳಿಸಿಹೋದೀತು.